ಐದನೇ ಇಯತ್ತೆಯ ಹಾಜರಿ

೮ ಮೇ ೧೯೫೫, ಭಾನುವಾರ

ಈ ಡೈರಿ ಜನವರಿಯಲ್ಲಿ ಆಫೀಸಿನವರು ಕೊಟ್ಟದ್ದು. ಪಾಲಿಸಿದಾರರಿಗೆ ಹಂಚಿ ಉಳಿದದ್ದನ್ನು ನಮ್ಮಂಥ ಗುಮಾಸ್ತರಿಗೆ ಕೊಡುತ್ತಾರೆ. ಇಷ್ಟು ದಿನ ಇದರಲ್ಲಿ ಒಂದಕ್ಷರ ಬರೆದಿರಲಿಲ್ಲ. ಏಪ್ರಿಲ್ ಹದಿನಾರರ ಪುಟವೂ ಖಾಲಿ. ಅದು ಹಾಗೇ ಇರಲಿ.

ಮಗ ತಿರುಮಲೇಶ ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. ಒಂಬತ್ತೂವರೆ ವರ್ಷ ಅವನಿಗೆ. ನಾಲ್ಕನೇ ಇಯತ್ತೆ ಪಾಸಾಗಿದ್ದ. ದಾದರಿನ ನಮ್ಮ ಚಾಳಿನ ಹತ್ತಿರದ ಶಾಲೆಯಲ್ಲಿ ಕನ್ನಡ ನಾಲ್ಕರವರೆಗೆ ಮಾತ್ರ. ಏಳನೆಯದರವರೆಗೂ ಕನ್ನಡ ಇರುವ ಒಳ್ಳೆಯ ಮುನ್ಸಿಪಾಲಿಟಿ ಶಾಲೆ ಸಬರ್ಬಿನಲ್ಲಿದೆ, ದೊಡ್ಡ ಮೈದಾನವಿದೆ ಎಂದು ಕೇಳಿ, ಅದರ ಹತ್ತಿರವೇ ಮನೆ ಮಾಡೋಣವೆಂದು ಅವನನ್ನು ಕರೆದುಕೊಂಡು ನೋಡಲು ಹೊರಟಿದ್ದೆ. ಅವನು ಲೋಕಲ್ಲಿನಿಂದ ಬಿದ್ದ. ಆ ಸ್ಟೇಷನ್ನಿನ ಹೆಸರು ಬರೆಯಲು ಕೈ ಏಳುವುದಿಲ್ಲ.

ಇವತ್ತು ವನಮಾಲೆ ತಾನಾಗಿಯೇ ಮಾತೆತ್ತಿದಳು. "ಮನೆ ನೋಡೋದು ನಿಲ್ಲಿಸಿಬಿಟ್ರಾ?"

"ಇನ್ನು ಯಾತಕ್ಕೆ?" ಅಂದೆ.

"ಅಲಮೇಲು ಇದಾಳಲ್ರೀ."

ಹೌದು, ಇದ್ದಾಳೆ. ಏಳು ವರ್ಷ, ಎರಡನೇ ಇಯತ್ತೆಗೆ ಹೋಗಬೇಕು. ನಾನೇನು ಅವಳನ್ನು ಮರೆತಿರಲಿಲ್ಲ.

ಮಧ್ಯಾಹ್ನ ಒಬ್ಬನೇ ವಿಲೆ ಪಾರ್ಲೆಗೆ ಹೋಗಿ ಬಂದೆ. ಒಳ್ಳೆಯ ಬೀದಿಗಳು, ಮನೆಗಳ ಮುಂದೆ ಹೂಗಿಡ. ಜಗಲಿಯ ಮೇಲೆ ಕೂತಿದ್ದ ಪಿಂಚಣಿದಾರರೊಬ್ಬರು ತಮ್ಮ ಊರಿನ ಶಾಲೆಗಳನ್ನು ಬಹಳ ಹೊಗಳಿದರು. ನಾನು ಕನ್ನಡ ಎಂದಾಗ ನಕ್ಕು, ಮರಾಠಿ ಕಲಿಸಿ, ಮಕ್ಕಳಿಗೆ ಎರಡು ತಿಂಗಳು ಸಾಕು ಎಂದರು. ಮನೆಗೆ ಬಂದು ಆಗುವುದಿಲ್ಲವೆಂದೆ.

೧೫ ಮೇ, ಭಾನುವಾರ

ಗೋರೆಗಾಂವ್. ಫೋರ್ಟಿನಲ್ಲಿ ನಾನು ಊಟ ಮಾಡುವ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುವ ಚೆನ್ನಯ ಜೊತೆಗೆ ಬಂದಿದ್ದ. ಅವನಿಗೆ ಆ ಕಡೆ ಎಲ್ಲರೂ ಪರಿಚಯ. ಹೋಗುವಾಗ ಆ ಸ್ಟೇಷನ್ ಬಂತು. ನಾನು ಕಣ್ಣು ಮುಚ್ಚಿ ಕೂತೆ. ಗಾಡಿ ಬಹಳ ಹೊತ್ತು ನಿಂತಿತ್ತು. ಅಲ್ಲಿ ಅದು ಅಷ್ಟು ಹೊತ್ತು ನಿಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಚೆನ್ನಯ ತೋರಿಸಿದ ಮನೆ ಚೆನ್ನಾಗಿತ್ತು. ಎರಡು ಕೋಣೆ, ಹಿಂದೆ ನುಗ್ಗೆ ಮರ. "ಶಾಲೆಗೆ ಹೇಗೆ ಹೋಗೋದು?" ಕೇಳಿದೆ.

"ಪಟ್ರಿ ದಾಟಿದ ಕೂಡ್ಲೆ ಸಿಗ್ತದೆ ಮಾರಾಯ್ರೆ. ಐದು ನಿಮಿಷ ಸಹ ಇಲ್ಲ."

ಹಳಿಯ ಹತ್ತಿರ ಹೋಗಿ ನಿಂತೆ. ಗೇಟು ಹಾಕಿತ್ತು. ಮಕ್ಕಳು ಅದರ ಕೆಳಗೆ ಬಗ್ಗಿ ಓಡುತ್ತಿದ್ದವು. ಚೆನ್ನಯ ನನ್ನ ಮುಖ ನೋಡಿದ. ಸ್ಟೇಷನ್ನಿನವರೆಗೆ ನನ್ನ ತೋಳು ಹಿಡಿದುಕೊಂಡೇ ಬಂದ.

೨೨ ಮೇ, ಭಾನುವಾರ

ಮಲಾಡ್ ಕೂಡ ಆಗಲಿಲ್ಲ. ಶಾಲೆಯಿಂದ ಮನೆ ದೂರವಿತ್ತು. ನಡುವೆ ಕಟ್ಟೆಯಿಲ್ಲದ ಬಾವಿಯೂ ಇತ್ತು. ವನಮಾಲೆಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಮೊರ ಕೆಳಗಿಟ್ಟಳು.

"ಒಂದು ಕಡೆ ಕನ್ನಡ ಇಲ್ಲ, ಇನ್ನೊಂದು ಕಡೆ ಹಳಿ, ಮತ್ತೊಂದು ಕಡೆ ಬಾವಿ. ಅವನಿಗೆ ಅಂತ ನೋಡಿದ್ರಲ್ಲ, ಆ ಶಾಲೆಗೇನಾಗಿದೆ?"

"ಅಲ್ಲಿಗೆ ಹೇಗೆ ಹೋಗೋದು, ವನಮಾಲಾ?"

"ನಾನು ಆ ಜಾಗ ನೋಡಿಲ್ಲ. ನೀವು ನೋಡಿದೀರಿ. ಮನೆಗೆ ತಂದ ಮೇಲೆ ತಾನೆ ನಾನು ಅವನನ್ನ ಕಂಡದ್ದು. ಅವನು ಎಲ್ಲಿಗೆ ಹೊರಟಿದ್ದ, ಅಲ್ಲಿ ಏನಿದೆ, ಒಂದೂ ನಂಗೆ ಗೊತ್ತಿಲ್ಲ. ನಾನು ಅಲ್ಲಿರಬೇಕು."

ಮತ್ತೆ ಮೊರ ಎತ್ತಿಕೊಂಡಳು.

೫ ಜೂನ್, ಭಾನುವಾರ

ವನಮಾಲೆ ಕೇಳಿದ ಊರಿಗೇ ಮನೆ ಬದಲಾಯಿಸಿದೆವು. ನೆಲದಂತಸ್ತಿನ ಎರಡು ಕೋಣೆ, ಹಂಚಿನ ಮಾಡು. ಶಾಲೆ ಇದೇ ಬದಿಗಿದೆ, ಹಳಿ ದಾಟಬೇಕಿಲ್ಲ. ಬಾಗಿಲಲ್ಲಿ ನಿಂತರೆ ಅದರ ಧ್ವಜದ ಕಂಬ ಕಾಣುತ್ತದೆ. ಸಾಮಾನು ಲಾರಿಯಲ್ಲಿ ಬಂತು, ನಾವೂ ಅದರಲ್ಲೇ ಕೂತು ಬಂದೆವು. ಲೋಕಲ್ ಹತ್ತಬೇಕಾಗಲಿಲ್ಲ.

೭ ಜೂನ್, ಮಂಗಳವಾರ

ಸಂಜೆ ಆಫೀಸಿನಿಂದ ಬರುವಾಗ ಇಲ್ಲಿಯ ಸ್ಟೇಷನ್ನಿನಲ್ಲಿ ಇಳಿಯಲಾಗಲಿಲ್ಲ. ಬಾಗಿಲವರೆಗೆ ಬಂದೆ, ಕಂಬಿ ಬಿಡಲು ಬೆರಳುಗಳು ಒಪ್ಪಲಿಲ್ಲ. ಹಿಂದಿದ್ದವರು ಬೈದುಕೊಂಡು ನುಗ್ಗಿ ಇಳಿದರು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ನಡೆದು ಬಂದೆ. ನಲವತ್ತು ನಿಮಿಷ. ಬೆಳಿಗ್ಗೆಯೂ ಹಾಗೇ ನಡೆದು ಹೋಗಿ ಅಲ್ಲೇ ಹತ್ತಬೇಕು. ತೊಂದರೆಯೇನಿಲ್ಲ, ನಡಿಗೆ ಒಳ್ಳೆಯದೇ. ವನಮಾಲೆಗೆ ಆಫೀಸಿನಲ್ಲಿ ಕೆಲಸ ಹೆಚ್ಚು ಎಂದಿದ್ದೇನೆ.

೧೩ ಜೂನ್, ಸೋಮವಾರ

ಶಾಲೆ ತೆರೆಯಿತು. ಅರ್ಧ ದಿನ ರಜೆ ಹಾಕಿ ಅಲಮೇಲುವನ್ನು ಸೇರಿಸಲು ಹೋದೆ.

ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ. ಹೆಡ್‌ಮಾಸ್ತರು ಕಾಂತಪ್ಪ ಎಂಬವರು, ಮಂಗಳೂರು ಕಡೆಯವರು, ವಯಸ್ಸಾಗಿದೆ. ಹಳೆಯ ಶಾಲೆಯ ಲೀವಿಂಗ್ ಸರ್ಟಿಫಿಕೇಟ್ ಕೇಳಿದರು. ಮಾರ್ಚಿನಲ್ಲೇ ಇಬ್ಬರದ್ದನ್ನೂ ತಂದು ಒಂದು ಲಕೋಟೆಯಲ್ಲಿಟ್ಟಿದ್ದೆ. ಆ ದಿನವೂ ಆ ಲಕೋಟೆ ನನ್ನ ಜೇಬಿನಲ್ಲಿತ್ತು. ಲಕೋಟೆಯನ್ನೇ ಕೊಟ್ಟೆ. ಅವರು ಎರಡೂ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿ, "ಓ, ಇಬ್ಬರಾ. ಒಳ್ಳೇದಾಯ್ತು, ಐದನೆಯದರಲ್ಲಿ ಮಕ್ಕಳು ಕಡಿಮೆ," ಎಂದು ದೊಡ್ಡ ರಿಜಿಸ್ಟರಿನಲ್ಲಿ ಬರೆಯತೊಡಗಿದರು. ಮೊದಲು ಅಲಮೇಲು. ಆಮೇಲೆ ಅವನು. ತಿರುಮಲೇಶ ಸತ್ಯಮೂರ್ತಿ. ದುಂಡಗಿನ ಅಕ್ಷರ.

ಇಲ್ಲ ಎನ್ನಬೇಕಿತ್ತು. ನಾಲಿಗೆ ಏಳಲಿಲ್ಲ. ಅಲಮೇಲು ಹೊರಗೆ ನಲ್ಲಿಯ ಹತ್ತಿರ ನಿಂತಿದ್ದಳು, ಅವಳಿಗೆ ಕೇಳಿಸಿರಲಾರದು. "ಹುಡುಗ ಎಲ್ಲಿ?" ಅಂದರು. ಊರಿಗೆ ಹೋಗಿದ್ದಾನೆ, ಅಜ್ಜಿಯ ಮನೆಗೆ ಅಂದೆ. "ಬೇಗ ಬರ್ಲಿಕ್ಕೆ ಹೇಳಿ," ಅಂದರು.

ಹೊರಗೆ ಬಂದಾಗ ಮಳೆ ಹನಿಯುತ್ತಿತ್ತು. ನಾಳೆಯೇ ಹೋಗಿ ಹೇಳಿಬಿಡಬೇಕು.

೧೪ ಜೂನ್

ಹೋಗಲಿಲ್ಲ.

೧೬ ಜೂನ್, ಗುರುವಾರ

ಎರಡನೇ ಇಯತ್ತೆಗೂ ಐದನೆಯದಕ್ಕೂ ನಡುವೆ ಇರುವುದು ಹಲಗೆಯ ಅಡ್ಡಗೋಡೆ. ಅದನ್ನು ಇವತ್ತು ಅಲಮೇಲುವಿನಿಂದ ತಿಳಿದೆ. ಮನೆಗೆ ಬಂದಾಗ ಅವಳು ಬೀದಿಯ ತಿರುವಿನಲ್ಲೇ ನನಗಾಗಿ ಕಾದಿದ್ದಳು.

"ಅಪ್ಪಾ, ಪಕ್ಕದ ಕ್ಲಾಸಲ್ಲಿ ಅಣ್ಣನ ಹೆಸರು ಕರೀತಾರೆ."

"ಬೇರೆ ಯಾರೋ ಇರಬೇಕು."

"ಅಲ್ಲ. ನಿಮ್ಮ ಹೆಸರೂ ಸೇರಿಸಿ ಕರೀತಾರೆ. ದಿನಾ ಕರೀತಾರೆ. ಯಾರೂ ಮಾತಾಡಲ್ಲ."

ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದೆ, ಅಮ್ಮನಿಗೆ ಹೇಳಬೇಡ, ಅಮ್ಮ ಅಳುತ್ತಾಳೆ ಎಂದು. ಆಗಲಿ ಎಂದು ತಲೆಯಾಡಿಸಿದಳು. ಜಾಣೆ.

೨೧ ಜೂನ್, ಮಂಗಳವಾರ

ಶಾಲೆ ಶುರುವಾಗುವುದು ಹನ್ನೊಂದಕ್ಕೆ. ಪ್ರಾರ್ಥನೆ ಮುಗಿದು ಹಾಜರಿ ಕರೆಯುವಾಗ ಹನ್ನೊಂದೂ ಕಾಲು. ಆಫೀಸಿನ ಗಡಿಯಾರದಲ್ಲಿ ಆ ಹೊತ್ತಾದಾಗ ಪೆನ್ನು ಕೆಳಗಿಡುತ್ತೇನೆ. ಈಗ ಕರೆಯುತ್ತಿದ್ದಾರೆ. ಬೊಂಬಾಯಿಯಲ್ಲಿ ಎಲ್ಲೋ ಒಂದು ಕಡೆ, ಬದುಕಿರುವ ಹುಡುಗರ ನಡುವೆ ಅವನ ಹೆಸರನ್ನು ಗಟ್ಟಿಯಾಗಿ ಕರೆಯುತ್ತಿದ್ದಾರೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಿ ಎರಡು ತಿಂಗಳಾಯಿತು.

ಇವತ್ತು ಐದನೇ ಇಯತ್ತೆಯ ಭೂಗೋಳದ ಪುಸ್ತಕ ಕೊಂಡೆ. ಆಫೀಸಿನಲ್ಲೇ ಕಂದು ಕಾಗದದ ಹೊದಿಕೆ ಹಾಕಿ ಡ್ರಾಯರಿನಲ್ಲಿಟ್ಟೆ.

೨೪ ಜೂನ್, ಶುಕ್ರವಾರ

ಹೊಟ್ಟೆನೋವೆಂದು ಆಫೀಸಿಗೆ ತಿಳಿಸಿ, ಶಾಲೆಯ ಕಾಂಪೌಂಡಿನ ಹೊರಗೆ ಬಾದಾಮಿ ಮರದ ಕೆಳಗೆ ನಿಂತಿದ್ದೆ. ಕೇಳಿಸಿತು. ಹೆಂಗಸಿನ ದನಿ, ಧಾರವಾಡದ ಕಡೆಯದು. ಅವನ ಹೆಸರನ್ನು ಎರಡು ಸಲ ಕರೆದರು. ಎರಡನೆಯ ಸಲ ಸ್ವಲ್ಪ ಮೆಲ್ಲಗೆ. ಆಮೇಲೆ "ಗೈರು" ಅಂದು ಮುಂದಿನ ಹೆಸರಿಗೆ ಹೋದರು.

ಆ ಎರಡು ಕರೆಗಳ ನಡುವೆ ಸ್ವಲ್ಪ ಬಿಡುವಿತ್ತು. ಅಷ್ಟು ಹೊತ್ತು ಅವನು ಬಂದರೂ ಬರಬಹುದು ಎಂದೇ ನಿಂತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

೨೮ ಜೂನ್

ಮಳೆ. ಅಲಮೇಲು ಊಟದ ಡಬ್ಬಿ ಹಾಗೇ ವಾಪಸು ತರುತ್ತಿದ್ದಾಳಂತೆ. ಹವೆ ಹಿಡಿಸಿಲ್ಲವೇನೋ ಎಂದೆ. ಇಲ್ಲಿ ಬಂದ ಮೇಲೆ ಮಾತೂ ಕಡಿಮೆಯಾಗಿದೆ ಎಂದಳು ವನಮಾಲೆ. ನನಗೆ ಹಾಗನ್ನಿಸಲಿಲ್ಲ.

೨ ಜುಲೈ, ಶನಿವಾರ

ಮಧ್ಯಾಹ್ನ ಬಂದಾಗ ಅಲಮೇಲು ಮೂಲೆಯಲ್ಲಿ ಪಾಟಿ ಒರೆಸುತ್ತ ಕೂತಿದ್ದಳು. ತಲೆಯೆತ್ತಲಿಲ್ಲ. ಶಾಲೆಯಲ್ಲಿ ಏನಾಯಿತು ಎಂದರೆ ಏನಿಲ್ಲ. ವನಮಾಲೆ ನೀರು ಹಿಡಿಯಲು ಹೋದ ಮೇಲೆ ತಾನಾಗಿ ಹೇಳಿದಳು.

"ನಾನು ಹಾಜರ್ ಅಂದೆ."

"ನಿನ್ನ ಹೆಸರಿಗೆ ತಾನೆ?"

"ಅಣ್ಣನ ಹೆಸರಿಗೆ. ಹಲಗೆ ಈ ಕಡೆಯಿಂದ. ಜೋರಾಗಿ. ಎಲ್ರೂ ನಕ್ಕರು. ನಮ್ಮ ಟೀಚರ್ ಬಾಯಿ ನನ್ನನ್ನ ಬೆಂಚಿನ ಮೇಲೆ ನಿಲ್ಲಿಸಿದ್ರು."

ಅವಳ ಮೊಣಕಾಲು ನೋಡಿದೆ. ಸಣ್ಣ ಕಾಲು, ಕೆಸರು ಒಣಗಿತ್ತು. ಎಷ್ಟು ಹೊತ್ತು ನಿಲ್ಲಿಸಿದರು ಎಂದು ಕೇಳಿದೆ. ಗೊತ್ತಿಲ್ಲ ಅಂದಳು. ಒದ್ದೆ ಬಟ್ಟೆ ತಂದು ಕೆಸರು ಒರೆಸಿದೆ. ಇವಳು ಇಷ್ಟು ಬಡಕಲಾದದ್ದು ಯಾವಾಗ?

೩ ಜುಲೈ, ಭಾನುವಾರ

ಇವತ್ತಿನದು ಉದ್ದವಾಗಬಹುದು.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಇಳಕಲ್ ಸೀರೆ, ಸೋರುತ್ತಿರುವ ಛತ್ರಿ. "ತಿರುಮಲೇಶ ಸತ್ಯಮೂರ್ತಿ ಅವರ ಮನಿ ಇದ ಏನ್ರಿ?"

ಅದೇ ದನಿ. ಪೇಪರು ಹಿಡಿದು ಕೂತಿದ್ದ ನಾನು ಏಳಲಿಲ್ಲ. ವನಮಾಲೆ ಬಾಗಿಲಿಗೆ ಹೋಗಿ, "ಹೌದು, ಬನ್ನಿ," ಎಂದಳು. ಚಾಪೆ ಹಾಸಿದಳು, ಕಾಫಿ ಕೊಟ್ಟಳು. ಆಮೇಲೆ ಎದುರಿಗೆ ಕೂತಳು.

"ನಾ ಬಸಲಿಂಗವ್ವ ಅಂತ್ರಿ, ಐದನೇತ್ತಕ್ಕ ಕಲಸ್ತೀನಿ. ಹುಡುಗಗ ಆರಾಮ ಇಲ್ಲೇನ್ರಿ? ಊರಿಗಿ ಹೋಗ್ಯಾನ ಅಂತ ಹೆಡ್‌ಮಾಸ್ತರ್ರು ಅಂದ್ರು, ಮೂರು ವಾರ ಆತು. ನಿನ್ನಿ ನಿಮ್ಮ ಸಣ್ಣಾಕಿ ಆ ಕಡೆಯಿಂದ ಅವನ ಹೆಸರಿಗೆ ಹಾಜರ್ ಅಂದ್ಲು. ಹುಡುಗ್ರೆಲ್ಲಾ ನಕ್ಕರು. ನನಗ ನಗು ಬರಲಿಲ್ರಿ. ನಿದ್ದಿನೂ ಬರಲಿಲ್ಲ. ಅದಕ್ಕ ಕೇಳಿಕೊಂಡು ಹೋಗೂಣು ಅಂತ ಬಂದೆ."

ವನಮಾಲೆ ನನ್ನ ಕಡೆ ನೋಡಿದಳು. ನಾನು ಪೇಪರು ನೋಡಿದೆ. ಅವಳು ಮತ್ತೆ ಆಕೆಯ ಕಡೆ ತಿರುಗಿದಳು.

"ಅವನು ಇಲ್ಲ ಬಾಯಿ. ಏಪ್ರಿಲ್‌ನಲ್ಲಿ ಹೋದ. ಇಲ್ಲೇ, ಈ ಊರಿನ ಸ್ಟೇಷನ್ನಿನಲ್ಲಿ."

ಬಸಲಿಂಗವ್ವನವರು ಕಾಫಿ ಲೋಟ ಕೆಳಗಿಟ್ಟರು. "ನಾ ದಿನಾ ಕರೀತಿದ್ದೆನಲ್ರಿ," ಎಂದರು. "ಎರಡೆರಡು ಸಲ ಕರೀತಿದ್ದೆ. ಹೊಸಾ ಹುಡುಗ, ನಾಚಿಕಿ ಇರಬೇಕು, ಎಲ್ಲೋ ಬಾಗಲದಾಗ ನಿಂತಿರಬೇಕು ಅಂತ ಕರೀತಿದ್ದೆ." ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದರು. ಮೆಟ್ಟಿಲಿಳಿದು ಹೋಗುವಾಗ ಛತ್ರಿ ಬಿಚ್ಚುವುದನ್ನೂ ಮರೆತರು.

ವನಮಾಲೆ ಬಾಗಿಲು ಮುಂದೆ ಮಾಡಿ ಬಂದು, "ಯಾಕೆ?" ಎಂದು ಕೇಳಿದಳು. ಅಷ್ಟೇ ಕೇಳಿದ್ದು.

ಲಕೋಟೆಯ ವಿಷಯ ಹೇಳಿದೆ. ಅವರು ಬರೆಯುತ್ತಿದ್ದರು, ನನಗೆ ನಿಲ್ಲಿಸಲಾಗಲಿಲ್ಲ ಎಂದೆ. ಹನ್ನೊಂದೂ ಕಾಲಿನ ವಿಷಯವನ್ನೂ, ಬಾದಾಮಿ ಮರದ ವಿಷಯವನ್ನೂ ಹೇಳಿದೆ. ಬಾಯಿ ಒಮ್ಮೆ ತೆರೆದದ್ದು ಮುಚ್ಚಲಿಲ್ಲ. ಇಷ್ಟು ದಿನ ಪೊಲೀಸರಿಗೂ, ಮನೆಗೆ ಬಂದವರಿಗೂ, ಇವಳಿಗೂ ಹೇಳಿದ್ದು ಒಂದೇ. ಜನರ ನೂಕಾಟದಲ್ಲಿ ಬಿದ್ದ ಎಂದು. ನೂಕಾಟ ಇರಲಿಲ್ಲ. ಬಾಗಿಲಲ್ಲಿ ನಾವಿಬ್ಬರೇ ಇದ್ದೆವು. ಅವತ್ತು ಶನಿವಾರ, ಬೆಳಗಿನ ಶಾಲೆ. ಹನ್ನೊಂದಕ್ಕೆ ಹೆಡ್‌ಮಾಸ್ತರು ಹೊರಟುಬಿಡುತ್ತಾರೆ ಎಂದು ನನಗೆ ಅವಸರ. ಗಾಡಿ ಪ್ಲಾಟ್‌ಫಾರ್ಮಿಗೆ ಬರುತ್ತಿತ್ತು, ಇನ್ನೂ ನಿಂತಿರಲಿಲ್ಲ. ನಾನು "ಇಳಿ, ಇಳಿ" ಎಂದೆ. ಅವನು ನನ್ನ ಮುಖ ನೋಡಿದ. ಹೇಳಿದ ಮಾತು ಕೇಳುವ ಹುಡುಗ. ಇಳಿದ.

"ನಾನೇ ಇಳಿ ಅಂದೆ, ವನಮಾಲಾ."

"ಗೊತ್ತು," ಎಂದಳು.

ನಾನು ನೋಡಿದೆ.

"ನಿದ್ದೇಲಿ ಅಂತೀರಲ್ಲ. ದಿನಾ. ಇಳಿ, ಇಳಿ ಅಂತ. ದಾದರಲ್ಲಿದ್ದಾಗಿಂದ ಕೇಳ್ತಾ ಇದೀನಿ."

"ಮತ್ತೆ ಯಾಕೆ ಏನೂ ಅನ್ನಲಿಲ್ಲ?"

"ನೀವೇ ಹೇಳ್ಲಿ ಅಂತ ಕಾದೆ. ಒಂದೊಂದು ದಿನ ನಿಮ್ಮ ಕತ್ತು ಹಿಸುಕಬೇಕು ಅನ್ನಿಸ್ತಿತ್ತು. ಒಂದೊಂದು ದಿನ ಎಬ್ಬಿಸಿ ಕುಡಿಯಕ್ಕೆ ನೀರು ಕೊಡೋಣ ಅನ್ನಿಸ್ತಿತ್ತು. ಎರಡೂ ಮಾಡಲಿಲ್ಲ." ಆಮೇಲೆ ದನಿ ಏರಿಸಿದಳು. ಈ ಎರಡೂವರೆ ತಿಂಗಳಲ್ಲಿ ಮೊದಲ ಸಲ. "ಅದೆಲ್ಲ ಇರಲಿ ರೀ. ಮಗು ಬಾಯಿ ಯಾಕೆ ಕಟ್ಟಿದ್ರಿ? ಏಳು ವರ್ಷದ್ದು ಅದು. ದಿನಾ ಕೂತು ಸತ್ತವನ ಹೆಸರು ಕೇಳಿಸಿಕೊಂಡು ಮನೆಗೆ ಬಂದು ನನ್ನ ಮುಂದೆ ಸುಮ್ಮನಿರ್ತಿತ್ತಲ್ಲ. ಇದನ್ನ ಯಾವನಾದ್ರೂ ತಂದೆ ಮಾಡ್ತಾನಾ?"

ಕೈಯಲ್ಲಿದ್ದ ಪೇಪರು ಮಡಿಸಿ ಕೆಳಗಿಟ್ಟೆ.

ಅಲಮೇಲು ಒಳಕೋಣೆಯ ಹೊಸ್ತಿಲ ಮೇಲಿದ್ದಳು. ವನಮಾಲೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅಣ್ಣ ಆ ಕ್ಲಾಸಲ್ಲಿ ಇಲ್ಲ ಕಂದಾ, ಅದು ಬರೀ ಹೆಸರು," ಎಂದಳು.

"ಗೊತ್ತಮ್ಮ. ಯಾರೂ ಮಾತಾಡದಿದ್ರೆ ಬಾಯಿ ಗೈರು ಅಂತಾರೆ. ಅದಕ್ಕೆ ಹೇಳಿದೆ."

೪ ಜುಲೈ, ಸೋಮವಾರ

ಆಫೀಸಿನಲ್ಲಿ ನಾಳೆಗೆ ರಜೆ ಕೇಳಿದೆ, ಕೊಟ್ಟರು. ಸಂಜೆ ಜೋರು ಮಳೆ. ನನ್ನ ಛತ್ರಿಯ ಕಡ್ಡಿ ಮುರಿಯಿತು. ಇಲ್ಲಿಯ ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಕೂರುವ ಮುದುಕನ ಹತ್ತಿರ ರಿಪೇರಿ ಮಾಡಿಸಿಕೊಂಡು ಬಂದೆ. ಚೆನ್ನಾಗಿ ಮಾಡಿದ್ದಾನೆ, ದಾರ ಗಟ್ಟಿಯಾಗಿದೆ. ಇಷ್ಟು ಬೇಗ ಬಂದಿರಲ್ಲ ಎಂದಳು ವನಮಾಲೆ. ಹೌದು, ಬೇಗ ಬಂದೆ. ಅಲಮೇಲು ಅನ್ನ ತಿನ್ನುತ್ತಿದ್ದಳು. ಎರಡನೆಯ ಸಲ ಸಾರು ಹಾಕಿಸಿಕೊಂಡಳು. ಅವಳ ತರಗತಿಯಲ್ಲಿ ಗಂಗುಬಾಯಿ ಎಂಬ ಹುಡುಗಿ ಇದ್ದಾಳೆ, ಅವಳ ಮನೆಯಲ್ಲಿ ಆಡಿನ ಮರಿ ಇದೆ. ನೋಡಲು ಹೋಗಬಹುದೇ ಎಂದು ಕೇಳಿದಳು. ಗುರುವಾರ ನಾನೂ ಬರುತ್ತೇನೆ ಎಂದೆ.

೫ ಜುಲೈ, ಮಂಗಳವಾರ

ನಾವಿಬ್ಬರೂ ಶಾಲೆಗೆ ಹೋದೆವು. ಬಸಲಿಂಗವ್ವನವರು ಮೊದಲೇ ತಿಳಿಸಿದ್ದರೆಂದು ಕಾಣುತ್ತದೆ. ಹೆಡ್‌ಮಾಸ್ತರು ಎದ್ದು ನಿಂತು ವನಮಾಲೆಗೆ ಕೈಮುಗಿದರು.

"ಏಪ್ರಿಲಿನಲ್ಲಿ ಸ್ಟೇಷನ್ನಿನಲ್ಲಿ ಒಂದು ಹುಡುಗ ಹೋದ ಅಂತ ಕೇಳಿದ್ದೆ. ಅದು ನಿಮ್ಮವನು ಅಂತ ಗೊತ್ತಿರಲಿಲ್ಲ ಅಮ್ಮಾ." ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಕೇಳಿಸಿಕೊಳ್ಳುತ್ತಿದ್ದೆ.

ರಿಜಿಸ್ಟರು ತೆಗೆದರು. ಒಮ್ಮೆ ಬರೆದ ಹೆಸರನ್ನು ಅಳಿಸುವಂತಿಲ್ಲ, ಕೆಂಪು ಶಾಯಿಯಲ್ಲಿ ಗೆರೆ ಹೊಡೆದು ಕಾರಣ ಬರೆಯಬೇಕು ಎಂದು ವಿವರಿಸಿದರು. ಕೆಂಪು ಶಾಯಿಯ ದೌತಿಗೆ ಲೇಖನಿ ಅದ್ದಿದರು.

"ಸ್ವಲ್ಪ ನೋಡ್ತೀನಿ," ಎಂದಳು ವನಮಾಲೆ.

ಅವರು ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. ಅವಳು ಸಾಲಿನ ಮೇಲೆ ಬೆರಳಿಟ್ಟು ಮೆಲ್ಲಗೆ ಓದಿದಳು. ಹೆಸರು. ತಂದೆಯ ಹೆಸರು. ಹುಟ್ಟಿದ ತಾರೀಕಿನ ಹತ್ತಿರ ಬೆರಳು ನಿಂತಿತು.

"ಇದು ತಪ್ಪು. ಜೂನ್ ಒಂದು ಅಂತಿದೆ."

ತಪ್ಪೇ. ಒಂದನೆಯದಕ್ಕೆ ಸೇರಿಸುವಾಗ ಅವನಿಗೆ ಆರು ತುಂಬಿರಲಿಲ್ಲ. ಎಲ್ಲರೂ ಮಾಡುವಂತೆ ನಾನು ಜೂನ್ ಒಂದು ಎಂದು ಬರೆಸಿದ್ದೆ. ಅದೇ ಎಲ್ಲ ಕಾಗದದಲ್ಲೂ ನಡೆದುಕೊಂಡು ಬಂದಿದೆ. ಅವಳಿಗೆ ಹೇಳಿರಲಿಲ್ಲ.

"ಅವನು ಹುಟ್ಟಿದ್ದು ಉತ್ಥಾನ ದ್ವಾದಶಿ ದಿನ. ಶುಕ್ರವಾರ. ಅತ್ತೆ ತುಳಸಿಗೆ ನೆಲ್ಲಿ ಕೊಂಬೆ ಕಟ್ಟುತ್ತಾ ಇದ್ರು. ನಲವತ್ತೈದು ನವೆಂಬರ್ ಹದಿನಾರು."

"ಇರಬಹುದು ಅಮ್ಮ. ಆದರೆ ತಾರೀಕು ತಿದ್ದಲಿಕ್ಕೆ ಕೋರ್ಟಿನ ಕಾಗದ ಬೇಕಾಗ್ತದೆ. ಮತ್ತೆ," ಅವರು ತಡವರಿಸಿದರು, "ಹೆಸರೇ ತೆಗೀಲಿಕ್ಕೆ ಉಂಟಲ್ಲ. ಈಗ ತಿದ್ದಿ ಏನು ಪ್ರಯೋಜನ?"

"ಮೊದಲು ಸರಿಯಾಗಿ ಬರೀರಿ. ಆಮೇಲೆ ಗೆರೆ ಹೊಡೀರಿ."

ಅವಳು ಬೆರಳು ತೆಗೆಯಲಿಲ್ಲ. ಪಕ್ಕದ ಕೋಣೆಯಲ್ಲಿ ಹಾಜರಿ ನಡೆಯುತ್ತಿತ್ತು. ಬಸಲಿಂಗವ್ವನವರು ಒಂದೊಂದೇ ಹೆಸರು ಕರೆಯುತ್ತಿದ್ದರು, ಹುಡುಗರು ಹಾಜರ್ ಹಾಜರ್ ಎನ್ನುತ್ತಿದ್ದರು.

ಕಾಂತಪ್ಪ ಮಾಸ್ತರು ನನ್ನ ಮುಖ ನೋಡಿದರು. "ಅವಳು ಹೇಳೋದು ಸರಿ," ಎಂದೆ. "ಸುಳ್ಳು ಬರೆಸಿದ್ದು ನಾನು."

ಅವರು ಕೆಂಪು ಲೇಖನಿ ಒರೆಸಿಟ್ಟು ಕಪ್ಪು ಶಾಯಿಯದು ಎತ್ತಿಕೊಂಡರು. ಜೂನ್ ಒಂದನ್ನು ಹೊಡೆದು ಅದರ ಮೇಲೆ, ಪ್ರವೇಶದ ದಿನ ಬರೆದಂಥದೇ ದುಂಡಗಿನ ಅಕ್ಷರದಲ್ಲಿ, ೧೬ ನವೆಂಬರ್ ೧೯೪೫ ಎಂದು ಬರೆದರು. ಪಕ್ಕದಲ್ಲಿ ಸಹಿ ಹಾಕಿದರು. ಶಾಯಿ ಒಣಗಲು ತೆಳ್ಳಗೆ ಊದಿದರು.

ವನಮಾಲೆ ಅದನ್ನು ಇನ್ನೊಮ್ಮೆ ಓದಿ, ಬೆರಳು ತೆಗೆದಳು.

"ಈಗ ಹೊಡೀರಿ," ಎಂದಳು.